ಎರಡು ತಾಮ್ರದ ಕೊಡ

ಅವರ ಎಡಹೆಗಲ ಮೇಲೆ ನಿಂಬೆಹಣ್ಣಿನಷ್ಟು ಕರೀ ಗಡ್ಡೆಯೊಂದಿತ್ತು. ಮೊದಲು ಮಿಲಿಟರಿಯ ಬಂದೂಕು, ಆಮೇಲೆ ನಮ್ಮೂರ ನೀರಿನ ವಾಲ್ವ್ ತಿರುಗಿಸುವ ಎದೆಮಟ್ಟದ ಕಬ್ಬಿಣದ ಚಾವಿ, ಎರಡೂ ಕೂತದ್ದು ಆ ಒಂದೇ ಹೆಗಲ ಮೇಲೆ. ರಾಣೆಬೆನ್ನೂರ ಕಡೆಯ ನಮ್ಮೂರಿಗೆ ತುಂಗಭದ್ರೆಯ ನೀರು ಬಿಡುತ್ತಿದ್ದವರು ಅವರೇ. ಊರಿಗೆಲ್ಲ ಮಿಲಿಟರಿ ಕಾಕಾ, ನನಗೆ ಅಣ್ಣಾರು.

ಇವತ್ತು ನನ್ನ ಮೊಮ್ಮಗಳು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಟ್ಟಳು. ನನಗೆ ಕುಣಿಯೋದೊಂದು ಬಾಕಿ, ಎರಡೂ ಓಣಿಗೆ ಸಕ್ಕರಿ ಹಂಚಿದೆ. ಹಂಚುತ್ತಾ ಅಣ್ಣಾರ ಮನೆಯ ಮುಂದೆ ಬಂದಾಗ ಮಾತ್ರ ಕಾಲು ನಿಂತುಬಿಟ್ಟವು.

ವಾಲ್ವ್ ತೆರೆಯುವ ಮೊದಲು ಅವರು ಚಾವಿಯ ಒಂದು ತುದಿ ಪೈಪಿಗೆ ಊರಿ, ಇನ್ನೊಂದಕ್ಕೆ ಬಗ್ಗಿ ಕಿವಿ ಹಚ್ಚುತ್ತಿದ್ದರು. "ಬಂತು" ಅಂದಮೇಲೆ ಎಣಿಸಿ ಹನ್ನೆರಡು ಸುತ್ತು. ಮೊದಲು ನಮ್ಮ ಮೇಲಿನ ಓಣಿ, ಕೊನೆಗೆ ಅವರದೇ ಮನೆಯಿದ್ದ ಕೆಳಗಿನ ಓಣಿ.

"ನಾ ಕಾದದ್ದು ಒಂದು ಡ್ಯಾಮು ತಂಗೆವ್ವ. ಆ ಹೊಳಿ ಗಡಿ ದಾಟಿ ಬ್ಯಾರೆ ದೇಶಕ್ಕ ಹೋಗತಿತ್ತು. ನಾವು ಅವರ ಕಡೆ ಬಂದೂಕ ತಿರುವಿ ನಿಂತಿದ್ವಿ. ಆದ್ರೂ ಅವರ ಪಾಲಿನ ನೀರು ದಿನಾ ಹೋಗತಿತ್ತು" ಅಂತ ಅಣ್ಣಾರು ನನಗೆ ಹೇಳುತ್ತಿದ್ದರು.

"ವೈರಿಗೆ ಹೊಟ್ಟಿ ತುಂಬ ಕುಡಿಸಿ ಬಂದೀರಿ ಕಾಕಾ, ನಮಗ ಹನ್ನೆರಡ ಸುತ್ತೇನು?" ಪಕ್ಕದ ಮನೆಯವ ಕೆಣಕುತ್ತಿದ್ದ.

"ನಿನ್ನ ಬಾಯಿಗೊಂದು ವಾಲ್ವ್ ಕೂಡ್ರಿಸಿದ್ರ ಊರಿಗೆ ಚಲೋ ಆಕ್ಕಿತ್ತು ನೋಡಪಾ."

ಹೋದ ಬ್ಯಾಸಗಿಯಲ್ಲಿ ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ನೀರು ತಳ ಕಂಡಿತು. ಎಂಟು ದಿನಕ್ಕೊಮ್ಮೆ ನಳ. ಬ್ಯಾಡಗಿಗೆ ಕೊಟ್ಟ ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತಿಗೆ, ಕೂಸಿಗೆ ನೀರು ಸಾಲದು ಅಂತ ನಾನು ನಳಕ್ಕೆ ಸಣ್ಣ ಮೋಟರ್ ಹಚ್ಚಿ ಮೇಲೊಂದು ಚೀಲ ಹೊದಿಸಿದೆ. ನಮ್ಮ ಓಣಿಯಲ್ಲಿ ಹಚ್ಚದವರು ಯಾರೂ ಇರಲಿಲ್ಲ. ಕೆಳಗಿನ ಓಣಿಯ ನಳಗಳಲ್ಲಿ ಬರೀ ಗಾಳಿ.

ಪೈಪಿಗೆ ಕಿವಿ ಹಚ್ಚುವವರಿಗೆ ಮೋಟರಿನ ಸದ್ದು ತಿಳಿಯದೇ ಇರುತ್ತದೆಯೇ? ಬಾಗಿಲಿಗೆ ಬಂದರು. ಚೀಲ ನೋಡಿದರು.

"ಕೂಸು ಎಷ್ಟ ದಿನದ್ದು?"

"ಹನ್ನೊಂದ್ರಿ ಅಣ್ಣಾರ."

ಹೋಗಿ ತಮ್ಮ ಮನೆಯಲ್ಲಿ ಉಳಿದಿದ್ದ ನೀರನ್ನು ಎರಡು ತಾಮ್ರದ ಕೊಡ ತುಂಬ ತಂದಿಟ್ಟರು. "ಇದು ಕೂಸಿಗೆ. ಮೋಟರ್ ಬಿಚ್ಚು ತಂಗೆವ್ವ. ಕೆಳಗೂ ಕೂಸು ಅದಾವು."

ಬಿಚ್ಚಿದೆ. ಅವರು ಓಣಿ ತಿರುಗಿದ ಕೂಡಲೇ ಮತ್ತೆ ಹಚ್ಚಿದೆ.

ಮುಂದಿನ ವಾರ ಕೆಳಗಿನ ಓಣಿಯವರು ಅವರನ್ನು ಪಂಚಾಯ್ತಿ ಕಟ್ಟೆಯ ಮುಂದೆ ನಿಲ್ಲಿಸಿದರು. ಮೇಲಿನ ಓಣಿಯವರ ಕಡೆಯಿಂದ ರೊಕ್ಕ ತಿಂದು ಅವರಿಗೇ ನೀರು ಬಿಡುತ್ತಾನೆ ಅಂತ ದೂರು. "ಮೋಟರ್ ಹಚ್ಚಿದವರ ಹೆಸರು ಹೇಳು" ಅಂದರು. ಅಣ್ಣಾರು ಗುಂಪಿನಲ್ಲಿದ್ದ ನನ್ನನ್ನು ನೋಡಿದರು, ನನ್ನ ಬಗಲಲ್ಲಿದ್ದ ಕೂಸನ್ನೂ ನೋಡಿದರು.

"ನೀರು ಮುಟ್ಟಸೋದು ನನ್ನ ಕೆಲಸ. ಮುಟ್ಟಲಿಲ್ಲ, ತಪ್ಪು ನಂದ" ಅಂದರು.

ನಾನು ಸೆರಗು ಸರಿಮಾಡಿಕೊಂಡೆ. ಬಾಯಿ ಬಿಡಲಿಲ್ಲ. ಪಂಚಾಯ್ತಿಯವರು ಅಣ್ಣಾರ ಚಾವಿ ಕಸಿದುಕೊಂಡರು.

ಆಮೇಲೆ ಅಣ್ಣಾರು ತಮ್ಮ ಮನೆಯ ಕಟ್ಟೆ ಬಿಟ್ಟು ಎದ್ದದ್ದನ್ನು ಯಾರೂ ನೋಡಲಿಲ್ಲ. ಈ ಬ್ಯಾಸಗಿಯಲ್ಲಿ ಒಂದು ಮುಂಜಾನೆ ಹೋಗಿಬಿಟ್ಟರು. ಹೆಣಕ್ಕೆ ಜಳಕ ಮಾಡಿಸಬೇಕೆಂದರೆ ಮನೆಯಲ್ಲಿ ನೀರಿಲ್ಲ. ಅವರ ಓಣಿಯ ನಳದಲ್ಲಿ ಗಾಳಿ. ನಾನೇ ಎರಡು ಕೊಡ ಹೊತ್ತು ಹೋದೆ.

ಅವರ ಹೆಂಡತಿ ಕೊಡದ ಕಂಠದ ಮೇಲೆ ಕೈಯಾಡಿಸಿದಳು.

"ಇವು ನಮ್ಮ ಕೊಡ ಅಲ್ಲೇನ್ರಿ?" ಅಂದಳು. ಬಗ್ಗಿ ನೀರು ನೋಡಿದಳು. "ಮೋಟರಿನ ನೀರೇನು?"

ನಾನು ಆಗಲೂ ಸೆರಗು ಸರಿಮಾಡಿಕೊಂಡೆ. ಅಣ್ಣಾರಿಗೆ ಅದರಲ್ಲೇ ಜಳಕವಾಯಿತು.