ಅಪ್ಪನ ಅವ್ವನ ಹೆಸರು

ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ‘ವಂಶವೃಕ್ಷ’ ಎಂಬ ಶಬ್ದವನ್ನು ಸುಮ್ಮನೆ ಉಚ್ಚರಿಸಿ ನೋಡಿ; ಕೇಳಿದವರ ದೃಷ್ಟಿ ಮೇಲಿರುವ ಪಿತೃಗಳ ಕಡೆಗೆ ಏರುವ ಬದಲು ನೇರವಾಗಿ ನೆಲಕ್ಕಿಳಿಯುತ್ತದೆ. ನಾನು ವಂಶವೃಕ್ಷ ಬರೆಯುತ್ತಿದ್ದೇನೆಂದು ಬೆಳಗಿನ ವಾಯುವಿಹಾರದಲ್ಲಿ ಹೇಳಿದಾಗ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯ ಮುನಿರಾಜಣ್ಣ ದನಿ ತಗ್ಗಿಸಿ, “ಯಾವ್ ಸರ್ವೆ ನಂಬರ್ ಮೇಡಂ? ಕೇಸ್ ಏನಾರ ಐತಾ?” ಎಂದು ವಿಚಾರಿಸಿದರು. ಒಂದು ಕಾಲಕ್ಕೆ ರಾಗಿ ಬೆಳೆದು ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿರುವ ಅವರ ಕುಟುಂಬಕ್ಕೆ ವಂಶವೃಕ್ಷವೆಂದರೆ ನಾಡಕಚೇರಿಯಿಂದ ತರುವ, ಪಾಲುದಾರರ ಹೆಸರುಗಳ ಕಾಗದ. ನನ್ನದು ಬರೀ ಆಸಕ್ತಿ, ಅದರಲ್ಲಿ ಒಂದು ಗುಂಟೆಯ ಆಸೆಯೂ ಇಲ್ಲವೆಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಮೂಲವನ್ನು ಹುಡುಕುವವರಿಗೆ ಕನಿಷ್ಠ ಒಂದು ಮೂಲೆ ನಿವೇಶನದ ಉದ್ದೇಶವಾದರೂ ಇರಬೇಕಲ್ಲವೆ?

ಬ್ಯಾಂಕಿನ ಹಲವು ಶಾಖೆಗಳಲ್ಲಿ ದುಡಿದು ನಿವೃತ್ತಳಾದ ನನಗೆ ವಂಶದ ಶಾಖೆಗಳನ್ನು ನಿಭಾಯಿಸುವುದು ಎಡಗೈ ಆಟವೆನಿಸಿತ್ತು. ಒಂದು ಜಾಲತಾಣಕ್ಕೆ ಚಂದಾ ಕಟ್ಟಿ, ಗಂಡ, ಮಕ್ಕಳು, ಭಾವ, ಮೈದುನರನ್ನೆಲ್ಲ ಚೌಕಗಳಲ್ಲಿ ಕೂರಿಸಿದೆ. ಮರ ಪೊಗದಸ್ತಾಗಿ ಬೆಳೆಯುತ್ತಿತ್ತು. ಅಪ್ಪನ ತಾಯಿಯ ಚೌಕ ಬಂದಾಗ, ನಮ್ಮೊಂದಿಗೇ ಇರುವ ಅಪ್ಪನನ್ನು ಕರೆದು ಅಜ್ಜಿಯ ಹೆಸರು ಕೇಳಿದೆ.

“ಗೊತ್ತಿಲ್ಲವ್ವಾ,” ಎಂದರು ಅಪ್ಪ.

ರಾಣೆಬೆನ್ನೂರಿನ ಕಡೆಯ ಹಳ್ಳಿಗಳಲ್ಲಿ ಅಂಚೆ ಮಾಸ್ತರರಾಗಿ, ಊರಿಗೂರನ್ನೇ ಹೆಸರು ಹಿಡಿದು ಕರೆಯುತ್ತಿದ್ದ ಎಂಬತ್ತು ದಾಟಿದ ಈ ಮನುಷ್ಯನಿಗೆ ಹೆತ್ತವಳ ಹೆಸರು ಗೊತ್ತಿರಲಿಲ್ಲ. ಅವರು ಅಂಬೆಗಾಲಿಡುವ ಮೊದಲೇ ಆಕೆ ತೀರಿಕೊಂಡಿದ್ದಳು. ಅಜ್ಜ ಮರುಮದುವೆಯಾದರು. ನಾನು ಅಜ್ಜಿಯೆಂದೇ ತಿಳಿದು ಬೆಳೆದ ಆ ಎರಡನೆಯವಳು ಅಪ್ಪನನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದಳು. ಶಾಲೆಯ ದಾಖಲೆಯಲ್ಲೂ ಆಕೆಯ ಹೆಸರೇ ಸೇರಿತು. ಮನೆಯ ಹಿರಿಯರ ಬಾಯಲ್ಲಿ ಸತ್ತವಳು ಬರೀ ‘ಹಿಂದಿನಾಕಿ’. ಹೆಸರು ಕೇಳಿದರೆ ಸಾಕಿದ ಅವ್ವನ ಮನಸ್ಸು ನೋಯಬಹುದೆಂದು ಅಪ್ಪ ಕೇಳಲಿಲ್ಲ. ಆಕೆ ಹೋದಮೇಲೆ ಕೇಳೋಣವೆಂದರೆ, ಬಲ್ಲವರೂ ಆಕೆಗಿಂತ ಮೊದಲೇ ಹೋಗಿದ್ದರು. ಇಷ್ಟನ್ನೂ ಅಪ್ಪ ಕಿಟಕಿಯಾಚೆ ನೋಡುತ್ತ ಹೇಳಿದರು. ಅಲ್ಲಿಯವರೆಗೆ ವಿನೋದವಾಗಿದ್ದ ನನ್ನ ಕೆಲಸ ಆ ಸಂಜೆಯಿಂದ ವಿನೋದವಾಗಿ ಉಳಿಯಲಿಲ್ಲ.

ಜಾಲತಾಣಕ್ಕೆ ನಮ್ಮ ಹಳ್ಳಿಯ ಪರಿಚಯವೇ ಇರಲಿಲ್ಲ. ಹಾಗಾಗಿ ನಮ್ಮ ಮನೆತನದ ಹೆಳವರನ್ನು ಹುಡುಕಿಸಿದೆ. ಹೆಳವರೆಂದರೆ ನಮ್ಮ ಕಡೆ ಎತ್ತಿನ ಮೇಲೆ ಕೂತು ಮನೆಬಾಗಿಲಿಗೆ ಬಂದು, ಆ ಮನೆಯ ತಲೆಮಾರುಗಳನ್ನು ರಾಗವಾಗಿ ಒಪ್ಪಿಸುವವರು. ನಮ್ಮ ಹೆಳವರು ಎತ್ತು ಬಿಟ್ಟು ಬಸ್ಸಿನಲ್ಲಿ ಬಂದರು. ಬಂದವರು ಡೆಲಿವರಿಯೋ, ಕ್ಯಾಬೋ, ಅತಿಥಿಯೋ ಎಂದು ಗೇಟಿನ ಆ್ಯಪ್ ಕೇಳಿತು. ಏಳು ತಲೆಮಾರನ್ನು ತಂದವರನ್ನು ಡೆಲಿವರಿ ಎನ್ನಬೇಕಿತ್ತೇನೋ, ನಾನು ಅತಿಥಿಯೆಂದು ಒತ್ತಿದೆ. ಸೋಫಾದ ಮೇಲೆ ಕೂತು ಅವರು ಒಪ್ಪಿಸಿದ್ದು ಇಂಪಾಗಿಯೇ ಇತ್ತು, ಆದರೆ ಅದೆಲ್ಲ ಗಂಡಸರ ಸಾಲು. ಮುಗಿದಮೇಲೆ ಅಪ್ಪ ತಾಯಿಯ ಹೆಸರು ಕೇಳಿದರು. ಅದನ್ನು ಆಕೆಯ ತವರಿನ ಹೆಳವ ಹೇಳಬೇಕು, ಆತ ತೀರಿಹೋಗಿ ಅವನ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಹೆಣ್ಣು ತಂದದ್ದು ಗುಡ್ಡದಹಳ್ಳಿಯ ಕಣವಿಯವರ ಮನೆಯಿಂದ ಎನ್ನುವಷ್ಟು ಮಾತ್ರ ತನಗೆ ಗೊತ್ತು ಎಂದರು ಅವರು.

ನನಗೆ ಅಷ್ಟು ಸಾಕಾಗಿತ್ತು. ಸಾಲ ತೀರಿಸದೆ ಊರು ಬಿಟ್ಟವರನ್ನೇ ಫೋನಿನಲ್ಲಿ ಪತ್ತೆ ಹಚ್ಚಿದವಳು, ಯಾವ ತಪ್ಪೂ ಮಾಡದೆ ಊರು ಬಿಟ್ಟವರನ್ನು ಹಚ್ಚಲಾರೆನೆ? ಗುಡ್ಡದಹಳ್ಳಿಯ ಕಿರಾಣಿ ಅಂಗಡಿಯವರಿಂದ ಶುರುವಾದ ವಿಚಾರಣೆ ವಾರದೊಳಗೆ ನಮ್ಮದೇ ಬೆಂಗಳೂರಿಗೆ ಬಂದು ನಿಂತಿತು. ಆ ಮನೆಯ ಮಗಳು, ಎಂದರೆ ಅಪ್ಪನ ಸೋದರಮಾವನ ಮಗಳು, ಪೀಣ್ಯದಲ್ಲಿ ಲೇತ್ ಯಂತ್ರಗಳ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ಮಗನ ಜೊತೆಗಿದ್ದಾರೆ. ಫೋನಿನಲ್ಲೇ ಕೇಳಿಬಿಡುತ್ತೇನೆಂದರೆ ಅಪ್ಪ ಬೇಡವೆಂದರು. ಹೋಗಿಯೇ ಕೇಳಬೇಕು.

ಅಪ್ಪ ಇಸ್ತ್ರಿಯ ಧೋತರ ಉಟ್ಟು, ಒಂದು ಇಳಕಲ್ ಸೀರೆ ಕೊಡಿಸಿಕೊಂಡು ಹೊರಟರು. ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟುವವರೆಗೆ ಸೀರೆಯ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ವರ್ಕ್‌ಶಾಪಿನ ಮೇಲಿನ ಮನೆಯ ಬಾಗಿಲಲ್ಲಿ ಆಕೆ ಕಾಯುತ್ತಿದ್ದರು: ಅಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವರು, ತೆಳ್ಳನೆಯ ಹೆಂಗಸು, ಹಣೆತುಂಬ ವಿಭೂತಿ. ಚಹಾ ಆಯಿತು, ಚೂಡಾ ಆಯಿತು, ಊರಿನ ಕೆರೆ ತುಂಬಿದ ಸುದ್ದಿಯಾಯಿತು. ಎಂಬತ್ತು ವರ್ಷ ಕಾದ ಅಪ್ಪ ಇನ್ನೂ ಒಂದು ಲೋಟ ಚಹಾದ ಹಿಂದೆ ಅಡಗಿ ಕೂತಿದ್ದರು. ಕೊನೆಗೆ ಲೋಟ ಕೆಳಗಿಟ್ಟು ಕೇಳಿದರು.

“ನಮ್ಮವ್ವನ ಹೆಸರೇನು?”

“ನೀಲವ್ವ,” ಎಂದರು ಆಕೆ.

ಕೆಳಗಿನ ಯಂತ್ರಗಳ ಸದ್ದಿನಲ್ಲಿ ಆಕೆಗೆ ಸರಿಯಾಗಿ ಕೇಳಿಸಲಿಲ್ಲವೆಂದು ಅಪ್ಪ ಭಾವಿಸಿದರು. ಫೋನಿನಲ್ಲಿ ಆಕೆ ತಮ್ಮ ಪರಿಚಯ ಹೇಳಿಕೊಂಡದ್ದೂ ಅದೇ ಹೆಸರಿನಿಂದ. “ನಿನ್ನ ಹೆಸರಲ್ಲವ್ವಾ, ನಮ್ಮವ್ವಂದು ಕೇಳಿದೆ.”

“ಅದನ್ನ ಹೇಳಿದ್ನಲ್ಲ ಮಾಮಾ. ಆಕಿ ಹೋದ ಮ್ಯಾಲೆ ನಾ ಹುಟ್ಟಿದೆ. ನಮ್ಮಪ್ಪ ತಂಗಿ ಹೆಸರನ್ನ ನನಗಿಟ್ಟ.”

ಆಕೆ ಮಾತು ಮುಂದುವರಿಸಿದರು. ಅವರ ತಂದೆ ಮಗಳ ಮೇಲೆ ಒಂದು ದಿನವೂ ದನಿ ಏರಿಸಿದವರಲ್ಲವಂತೆ. ತಂಗಿಯ ಹೆಸರನ್ನು ಸಿಟ್ಟಿನಲ್ಲಿ ಕೂಗಲು ಅವರಿಗೆ ಬಾಯಿ ಬರುತ್ತಿರಲಿಲ್ಲವಂತೆ. ಆ ನೀಲವ್ವ ಎಡಚಿಯಂತೆ. ಮನೆಯಲ್ಲಿ ಎಷ್ಟು ಬೈದರೂ ರೊಟ್ಟಿಯನ್ನು ಎಡಗೈಯಲ್ಲೇ ಬಡಿಯುತ್ತಿದ್ದಳಂತೆ. ಅಪ್ಪ ಮೊದಲ ಸಲ ನಕ್ಕರು. ‘ಹಿಂದಿನಾಕಿ’ಗೆ ಹೀಗೊಂದು ಹಟವಿತ್ತೆಂದು ಅವರಿಗೆ ಯಾರು ಹೇಳಿದ್ದರು? ಹೆಸರು ಸಿಕ್ಕರೆ ಒಂದು ಚೌಕ ತುಂಬುತ್ತದೆಂದು ನಾನು ತಿಳಿದಿದ್ದೆ. ಸಿಕ್ಕಮೇಲೆ ಆ ಚೌಕ ತೀರ ಚಿಕ್ಕದೆನಿಸಿತು.

ಸೀರೆ ಕೊಟ್ಟು, ನಾವು ಹೊರಟು ಮೆಟ್ಟಿಲಿಳಿಯತೊಡಗಿದೆವು. ಆಕೆ ಲೋಟಗಳನ್ನೆತ್ತಿಕೊಂಡು ಒಳಗೆ ಹೋಗಿದ್ದರು. ಅಪ್ಪ ಅರ್ಧ ಮೆಟ್ಟಿಲಲ್ಲಿ ನಿಂತು, ಹಿಂತಿರುಗಿ, ಯಂತ್ರಗಳ ಸದ್ದನ್ನು ಮೀರಿ ಕೂಗಿದರು.

“ನೀಲವ್ವಾ.”

ಅಡುಗೆಮನೆಯಿಂದ “ಓ” ಎಂಬ ಉತ್ತರ ಬಂತು. ಮರೆತದ್ದೇನಾದರೂ ಇದೆಯೇ ಎಂದು ಆಕೆ ಒದ್ದೆಗೈಯಲ್ಲೇ ಹೊರಬಂದು ನೋಡಿದರು.

“ಏನಿಲ್ಲ,” ಎಂದರು ಅಪ್ಪ. “ಸುಮ್ಮನ ಕರದೆ.”