‘ಪರವಾಗಿಲ್ಲ’ ಎಂಬ ಮಾತನ್ನು ಒಪ್ಪದವರು

ಶುಶ್ರೂಷಾ ಶಿಕ್ಷಣದಲ್ಲಿ ದೇಹರಚನೆ, ಉಸಿರಾಟ, ರಕ್ತಸಂಚಾರಗಳಂಥ ಬುನಾದಿ ಪಾಠ ಹೇಳುವವರಿಗೆ ದೊಡ್ಡ ಹೆಸರು ಬರುವುದು ಅಪರೂಪ. ಆಪರೇಷನ್ ಕೊಠಡಿಯವರ ಕೀರ್ತಿ ಊರೆಲ್ಲ ಹಬ್ಬುತ್ತದೆ. ಶ್ವಾಸಕೋಶಕ್ಕೆ ಗಾಳಿ ಯಾವ ದಾರಿಯಲ್ಲಿ ಇಳಿಯುತ್ತದೆಂದು ಕಲಿಸಿದವರನ್ನು ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತೇವೆ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ಮಾತ್ರ ನಾವಾರೂ ಮರೆತಿಲ್ಲ. ಮರೆಯಲು ಶಕ್ತಿಮೀರಿ ಪ್ರಯತ್ನಿಸಿದವರು ನಮ್ಮ ತಂಡದಲ್ಲೇ ಇದ್ದರು!

ವಾರ್ಡಿನ ನರ್ಸ್ ಆಗಿ ಸೇವೆಗೆ ಸೇರಿ, ಬಹುಕಾಲ ಅಲ್ಲಿಯೇ ದುಡಿದು, ಆಮೇಲೆ ಬೋಧನೆಗೆ ಬಂದ ಅವರು ಪುಸ್ತಕಕ್ಕೂ ರೋಗಿಯ ಮಂಚಕ್ಕೂ ನಡುವೆ ಗೋಡೆಯಿರಲು ಬಿಟ್ಟವರಲ್ಲ. ಹಾಸ್ಟೆಲಿನಲ್ಲಿ ಜ್ವರದಿಂದ ಮಲಗಿದ ಹುಡುಗಿಯ ಹಣೆಗೆ ತಾವೇ ಒದ್ದೆ ಬಟ್ಟೆ ಹಾಕಿ, ಕಾಲ ಬಳಿ ಕುಳಿತು, “ಈಗ ಹೇಳು, ಬೆವರು ಯಾಕೆ ಬರುತ್ತೆ?” ಎಂದು ಪಾಠ ಒಪ್ಪಿಸಿಕೊಂಡವರು. ಆ ರೋಗಿ ನಾನೇ. ಬೆವರು ಬಂದದ್ದು ಪ್ರಶ್ನೆಗೋ ಜ್ವರ ಇಳಿದದ್ದಕ್ಕೋ ಇಂದಿಗೂ ತೀರ್ಮಾನವಾಗಿಲ್ಲ.

ಅವರಿಗೆ ಆಗದ ಒಂದು ಮಾತಿತ್ತು. ರೋಗಿ ಹೇಗಿದ್ದಾರೆ ಎಂದು ಕೇಳಿದಾಗ ನಾವೆಲ್ಲ ಬಾಯಿಗೆ ಬಂದ ಹಾಗೆ “ಪರವಾಗಿಲ್ಲ ಮೇಡಂ” ಎನ್ನುತ್ತಿದ್ದೆವು. ಅವರು ಅಲ್ಲೇ ನಿಲ್ಲಿಸುತ್ತಿದ್ದರು: “ಯಾರಿಗೆ ಪರವಾಗಿಲ್ಲ? ನಿನಗೋ, ಅವರಿಗೋ? ಕಂಡದ್ದು ಹೇಳು, ಕೇಳಿದ್ದು ಹೇಳು.” ಇದೆಂಥ ಕಿರಿಕಿರಿ ಎಂದು ನಾವು ಬೆನ್ನ ಹಿಂದೆ ಗೊಣಗುತ್ತಿದ್ದೆವು.

ಎರಡನೆಯ ವರ್ಷ, ಮಕ್ಕಳ ವಾರ್ಡಿನಲ್ಲಿ ಒಂದು ಮಧ್ಯಾಹ್ನ ಆ ಗೊಣಗಾಟ ನಿಂತಿತು. ಕಿಟಕಿ ಪಕ್ಕದ ಮಂಚದಲ್ಲಿ ಉಬ್ಬಸದ ಪುಟ್ಟ ಹುಡುಗಿಯೊಬ್ಬಳಿದ್ದಳು. ಬೆಳಗಿನಿಂದ ಅವಳ ಎದೆಯ ಸುಯ್ಯೆಂಬ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಊಟದ ಹೊತ್ತಿಗೆ ಅದು ನಿಂತು ಮಗು ಕಣ್ಣು ಮುಚ್ಚಿ ಮಲಗಿದಾಗ ತಾಯಿ ನೆಮ್ಮದಿಯಿಂದ ಗೋಡೆಗೊರಗಿದರು. ನಮಗೂ ಜೀವ ಬಂದಂತಾಯಿತು. ಮೇಡಂ ಬಂದೊಡನೆ ನನ್ನ ಗೆಳತಿ ಸಂತೋಷದಿಂದಲೇ ಹೇಳಿದಳು: “ಈಗ ಪರವಾಗಿಲ್ಲ ಮೇಡಂ. ಸದ್ದು ನಿಂತಿದೆ, ಮಲಗಿದ್ದಾಳೆ.”

ಮೇಡಂ ಬೈಯಲಿಲ್ಲ. ಆಗಲೇ ನನಗೆ ಭಯವಾದದ್ದು. ಅವರು ನೇರ ಮಂಚಕ್ಕೆ ಹೋಗಿ ಹೊದಿಕೆ ಸರಿಸಿದರು. ಮಗುವಿನ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಕತ್ತಿನ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು, ತುಟಿಯ ಬಣ್ಣ ಕಂದಿತ್ತು. ಎಬ್ಬಿಸಲು ಕೈ ಚಾಚಿದಾಗ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಮಗುವಿನ ಅಜ್ಜಿ ಅವರ ಮಣಿಕಟ್ಟನ್ನೇ ಹಿಡಿದರು.

“ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ಕೂಸು. ಈಗ ಎಬ್ಬಿಸ್ತೀರಲ್ಲಾ, ನಿಮಗೇನು ಮಕ್ಕಳು ಮರಿ ಇಲ್ವಾ?”

“ಇದು ನಿದ್ದೆ ಅಲ್ಲ ಅಜ್ಜಿ, ಸುಸ್ತು. ಕೈ ಬಿಡಿ,” ಎಂದ ಮೇಡಂ, ಮಗುವನ್ನು ಎತ್ತಿ ತಮ್ಮ ಎದೆಗೊರಗಿಸಿ ಕೂರಿಸಿದರು. ಕರೆದರೂ ಅದು ಕಣ್ಣು ಬಿಡಲಿಲ್ಲ. ಗೆಳತಿಯನ್ನು ಡಾಕ್ಟರ ಬಳಿ ಓಡಿಸಿ, ಆಮ್ಲಜನಕದ ಮಾಸ್ಕ್ ಹಿಡಿದು, ನನ್ನತ್ತ ನೋಡಿದರು: “ಎದೆಗೆ ಸ್ಟೆತ್ ಇಡು. ಏನು ಕೇಳ್ತಿದೆ?”

“ಏನೂ ಕೇಳಿಸ್ತಿಲ್ಲ ಮೇಡಂ.”

“ಗಾಳಿ ಓಡಾಡಿದ್ರೆ ತಾನೆ ಸದ್ದು!”

ಕಿರಿದಾದ ನಾಳದಲ್ಲಿ ಗಾಳಿ ತೂರಿದರೆ ಸುಯ್ಯೆನ್ನುತ್ತದೆ, ಗಾಳಿಯೇ ತೂರದಿದ್ದರೆ ಮೌನ ಎಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ಆ ಮೌನವೇ ಈಗ ನನ್ನ ಕಿವಿಗೆ ಬಿದ್ದಿತ್ತು. ಡಾಕ್ಟರು ಓಡೋಡಿ ಬಂದರು, ಇಂಜೆಕ್ಷನ್ ಆಯಿತು, ಔಷಧಿಯ ಹಬೆ ಹಿಡಿದದ್ದಾಯಿತು. ನಾನು ಸ್ಟೆತ್ ಸರಿಸುತ್ತಲೇ ಇದ್ದೆ. ಅಲ್ಲಿ ಏನೂ ಇರಲಿಲ್ಲ. ಮಗು ಉಳಿಯುವುದಿಲ್ಲ ಎಂದೇ ನನಗನ್ನಿಸಿತು.

ಕೊನೆಗೆ ಎಳೆಯಷ್ಟು ಸಣ್ಣಗೆ ಸುಯ್ಯೆಂದಿತು. ನೋಡನೋಡುತ್ತ ಆ ಸದ್ದು ಬೆಳೆದು ಹೊರಗೂ ಕೇಳತೊಡಗಿದಾಗ ತಾಯಿ, “ಅಯ್ಯೋ, ಮತ್ತೆ ಶುರುವಾಯ್ತು!” ಎಂದು ಬಾಯಿ ಬಡಿದುಕೊಂಡರು.

“ಬರಲಿ ಕಣಮ್ಮಾ, ಬರಲಿ. ಈ ಸದ್ದೇ ನಮಗೆ ಬೇಕಾಗಿತ್ತು,” ಎಂದರು ಮೇಡಂ. ಮಗು ಕಣ್ಣು ಬಿಟ್ಟು, ಮಾಸ್ಕ್ ಬೇಡವೆಂದು ರಂಪ ತೆಗೆಯಿತು. ಅಜ್ಜಿ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. ಮೇಡಂ ಕುಸಿದು ಕುಳಿತರು.

ಇಂಥ ಗುರುವಿಗೆ ದೀರ್ಘಾಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ, ಅವರು ಬರೆಯುತ್ತಿರುವ ಉಸಿರಾಟದ ಪಾಠಪುಸ್ತಕ ಬೇಗ ನಮ್ಮ ಕೈ ಸೇರಲಿ ಎಂದು ಮನಸಾರೆ ಹಾರೈಸುತ್ತೇನೆ. ವಾರಕ್ಕೊಮ್ಮೆ ವಾರ್ಡಿಗೆ ಬರಲು ಒಪ್ಪಿದ್ದಾರೆ, ದಯವಿಟ್ಟು ತಪ್ಪಿಸಬಾರದು. ಅವರ ಪಾಠಗಳು ಈಗ ನನ್ನ ಪಾಲಿಗೆ ಬಂದಿವೆ, ಅವನ್ನು ಹೇಗೋ ಹೇಳಿಯೇನು. ಅಜ್ಜಿಯೊಬ್ಬರು ಮಣಿಕಟ್ಟು ಹಿಡಿದು ತಡೆದಾಗ, ಮಲಗಿದ ಮಗುವನ್ನು ಎಬ್ಬಿಸುವ ಎದೆಗಾರಿಕೆ ನನಗೆ ಬಂದೀತೇ ಎಂಬುದು ಮಾತ್ರ ನನಗಿನ್ನೂ ಗೊತ್ತಿಲ್ಲ.