ಪೆಟ್ಟಿಗೆ ನಡುಗಬಾರದು

ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ ಎಂಬ ದಪ್ಪ ಸದ್ದಿನ ಸ್ಪೀಕರ್ ಕೂರಿಸಲು ಮರದ ಪೆಟ್ಟಿಗೆ ಮಾಡಿಕೊಡುವ ನಮ್ಮ ಬೀದಿಯ ಮೇಸ್ತ್ರಿಗೆ ಸಂಗೀತದ ಗಂಧಗಾಳಿಯೂ ಇಲ್ಲ. ಯಾವ ಹಾಡು ಹಾಕಿದರೂ ಅವರ ಕಿವಿ ಇರುವುದು ಹಲಗೆಯ ಸಂದಿಯಲ್ಲಿ. ಅರ್ಧ ಇಂಚಿನ ಹಲಗೆ ಸಾಕೆಂದ ಗಿರಾಕಿಗೆ, "ಹಾಗಾದ್ರೆ ಬಿಸ್ಕತ್ ಡಬ್ಬಕ್ಕೇ ಹಾಕ್ಸ್ಕೊಳ್ಳಿ" ಎಂದು ಮುಖ ತಿರುಗಿಸುತ್ತಾರೆ. ಮುಕ್ಕಾಲು ಇಂಚಿನ ಹಲಗೆಯೇ ಆಗಬೇಕು, ಸಂದಿಗೆಲ್ಲ ಅಂಟು, ನಾಲ್ಕು ಬೆರಳಿಗೊಂದು ಸ್ಕ್ರೂ, ಒಳಗೆ ಅಡ್ಡಪಟ್ಟಿ. ಕಾರು ಪುಡಿಯಾದರೂ ಪೆಟ್ಟಿಗೆ ಉಳಿಯಬೇಕು. ಮುಗಿದ ಪೆಟ್ಟಿಗೆಯ ಮೇಲೆ ನೀರು ತುಂಬಿದ ಲೋಟ ಇಟ್ಟು ಹಾಡನ್ನು ಪೂರ್ತಿ ಜೋರು ಮಾಡುವುದು ಅವರ ಪರೀಕ್ಷೆ. ಒಂದು ತೊಟ್ಟು ಚೆಲ್ಲಿದರೂ ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸುತ್ತಾರೆ. ಕಿಟಕಿ ಗಡಗಡ ಅಲುಗಿ ಎದುರುಮನೆಯ ಅಜ್ಜಿ ಬೈಯುತ್ತ ಹೊರಬಂದರೆ, "ಬೀದಿ ನಡುಗ್ಲಿ ಬಿಡಿ ಅಜ್ಜಿ, ಪೆಟ್ಟಿಗೆ ನಡುಗಬಾರ್ದು" ಎಂದು ಸಮಾಧಾನ ಹೇಳುತ್ತಾರೆ. ಈ ವರ್ಷದಿಂದ ಮಾತ್ರ ಲೋಟ ತಂದಿಡುವುದು ಅವರ ಹೆಂಡತಿ. ಮೇಸ್ತ್ರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಪಾಸಣೆಗೆ ಬಂದ ಸಾಹೇಬರಂತೆ ನಿಂತಿರುತ್ತಾರೆ. "ಮೇಸ್ತ್ರಿಗೆ ಈಗೀಗ ಗತ್ತು ಬಂದ್ಬಿಟ್ಟಿದೆ" ಎಂದು ಗಿರಾಕಿಗಳು ನಗುತ್ತಾರೆ, ನಾನೂ ನಕ್ಕಿದ್ದೆ. ಮೊನ್ನೆ ಗಿರಾಕಿ ಪೆಟ್ಟಿಗೆಯನ್ನು ನಾಳೆ ಒಯ್ಯುತ್ತೇನೆಂದು ಹೊರಟ ಮೇಲೆ, ನಾನಿನ್ನೂ ಅಲ್ಲೇ ಕೂತಿರುವುದನ್ನು ಮರೆತು, ಅವರು ಆ ನೀರು ಕುಡಿಯಲು ಲೋಟ ಎತ್ತಿದರು. ಹಾಡು ನಿಂತು ಆಗಲೇ ಹತ್ತು ನಿಮಿಷವಾಗಿತ್ತು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರೂ, ಬಾಯಿ ಮುಟ್ಟುವ ಮೊದಲೇ ಅರ್ಧ ನೀರು ಅಂಗಿಯ ಮೇಲೂ ಪೆಟ್ಟಿಗೆಯ ಮೇಲೂ ಚೆಲ್ಲಿತ್ತು. ಅವರು ಒರೆಸಿದ್ದು ಪೆಟ್ಟಿಗೆಯನ್ನು.